ಬಿಲ್ಲಿಗೆ ತಕ್ಕ ಅಂಬು



ನಾನು ಚಿಕ್ಕಜಾಜೂರಿನವನು. ಬೆಂಗಳೂರಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಹೋದವರಿಗೆ ನಮ್ಮೂರು ಗೊತ್ತಿರುತ್ತದೆ. ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಯ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್ ಅದು. ಹೊಳಲ್ಕೆರೆ ತಾಲ್ಲೂಕಿನ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದೈಹಿಕ ಶಿಕ್ಷಕನಾಗಿದ್ದೆ. ಕಬಡ್ಡಿ, ಖೋಖೋ, ವಾಲಿಬಾಲ್ ಆಡಿಸುವುದೇ ಹೆಚ್ಚು. ನಡುವೆ ಕೆಲವು ವರ್ಷ ಬಿಲ್ಲುಗಾರಿಕೆಯನ್ನೂ ಕಲಿತು ಕಲಿಸಿದೆ. ಇವತ್ತು ಆ ಅನುಭವದಿಂದ ಒಂದೇ ಒಂದು ವಿಷಯ ಹೇಳುತ್ತೇನೆ: ಯಾವ ಬಿಲ್ಲಿಗೆ ಯಾವ ಬಾಣ.

ನಮ್ಮ ಕಡೆ ವಿಜಯದಶಮಿಯ ದಿನ ಬನ್ನಿ ಮುಡಿಯುವುದಕ್ಕೆ ಮೊದಲು ಅಂಬು ಕಡಿಯುವ ಪದ್ಧತಿ ಇದೆ. ಊರ ದೇವರ ಪಲ್ಲಕ್ಕಿ ಬನ್ನಿ ಮರದ ಹತ್ತಿರ ಬರುತ್ತದೆ, ಡೊಳ್ಳು ಬಾರಿಸುತ್ತಾರೆ, ಹಿರಿಯರೊಬ್ಬರು ಅಂಬು ಹಾಯಿಸಿದ ಮೇಲೆ ಜನ ಬನ್ನಿಗೆ ಕೈ ಹಾಕುತ್ತಾರೆ. ಅದಾದ ಒಂದು ವಾರ ಊರಿನ ಹುಡುಗರ ಕೈಯಲ್ಲೆಲ್ಲ ಬಿಲ್ಲು. ನಾವು ಚಿಕ್ಕವರಿದ್ದಾಗ ಬಿದಿರಿನ ದಬ್ಬೆ ಬಗ್ಗಿಸಿ ಹುರಿ ಕಟ್ಟಿದರೆ ಬಿಲ್ಲಾಯಿತು, ತೆಂಗಿನ ಗರಿಯಿಂದ ಹೆರೆದ ಪೊರಕೆ ಕಡ್ಡಿಯೇ ಬಾಣ. ಆ ಬಿಲ್ಲಿಗೆ ಆ ಬಾಣ ಸರಿಯಾಗಿಯೇ ಹೊಂದುತ್ತಿತ್ತು. ಕಣ್ಣಿಗೆ ಗುರಿಯಿಡಬೇಡ ಎಂದು ಅಮ್ಮ ಕೂಗುತ್ತಿದ್ದಳು, ಅಷ್ಟು ಎಚ್ಚರ ಸಾಕಾಗುತ್ತಿತ್ತು. ಈಗ ಹಾಗಿಲ್ಲ. ಮೊಬೈಲಿನಲ್ಲಿ ನೋಡಿ ತರಿಸಿದ ಬಿಲ್ಲು ಪಾರ್ಸೆಲ್ಲಿನಲ್ಲಿ ಮನೆಗೆ ಬರುತ್ತದೆ. ಅದರ ಜೊತೆ ಬಂದ ಮೂರೋ ಆರೋ ಬಾಣ ಹದಿನೈದು ದಿನದಲ್ಲಿ ಮುರಿದೋ ಕಳೆದೋ ಹೋಗುತ್ತವೆ. ಆಮೇಲೆ ಕೈಗೆ ಸಿಕ್ಕ ಕಡ್ಡಿಯೆಲ್ಲ ಬಾಣ. ಅಪಾಯ ಹುಟ್ಟುವುದು ಅಲ್ಲಿ.

ನಮ್ಮ ಭಾಷೆಯಲ್ಲಿ ಬಿಲ್ಲುಬಾಣ ಎಂದು ಒಂದೇ ಉಸಿರಿನಲ್ಲಿ ಅನ್ನುತ್ತೇವೆ. ಹಿಂದಿನವರು ಅವೆರಡನ್ನೂ ಜೊತೆಯಾಗಿಯೇ ಮಾಡುತ್ತಿದ್ದರು. ಬಿಲ್ಲು ಎಳೆಯುವವನ ತೋಳು ನೋಡಿ ಬಿಲ್ಲು, ಬಿಲ್ಲಿನ ಬಿರುಸು ನೋಡಿ ಬಾಣ. ನಾವೀಗ ಬಿಲ್ಲನ್ನೊಂದು ಕಡೆ, ಬಾಣವನ್ನೊಂದು ಕಡೆ ತಂದು, ಎರಡೂ ಹೇಗೋ ಹೊಂದಿಕೊಳ್ಳುತ್ತವೆ ಎಂದುಕೊಳ್ಳುತ್ತೇವೆ.

ಒಂದು ಘಟನೆ ಹೇಳಲೇಬೇಕು. ಬಹಳ ವರ್ಷದ ಹಿಂದಿನದು. ನಮ್ಮ ಪಕ್ಕದ ಊರಿನ ಒಬ್ಬ ಹುಡುಗನಿಗೆ ಪಟ್ಟಣದ ನೆಂಟರು ಹಳೆಯದೊಂದು ಕಾಂಪೌಂಡ್ ಬಿಲ್ಲು ಕೊಟ್ಟಿದ್ದರು. ಎರಡು ತುದಿಗೂ ಗಾಲಿ ಇರುವ, ಹೆದೆ ಸುತ್ತಿಕೊಂಡು ಓಡುವ ಬಿಲ್ಲು ಅದು. ಜೊತೆಯಲ್ಲಿದ್ದ ಬಾಣಗಳು ಮುಗಿದಿದ್ದವು. ಹುಡುಗ ಊರಿನ ಬಡಗಿಯ ಹತ್ತಿರ ಹೋಗಿ ಸಾಗುವಾನಿಯಲ್ಲಿ ಬಾಣ ಮಾಡಿಸಿಕೊಂಡು ಬಂದ. ಎಷ್ಟು ಚೆಂದ ಇದ್ದವೆಂದರೆ, ಉರುಟು, ನೇರ, ಪಾಲಿಶ್ ಹಚ್ಚಿ ಫಳಫಳ ಅನ್ನುತ್ತಿದ್ದವು. ನನಗೆ ತೋರಿಸಿದ. ಚೆನ್ನಾಗಿವೆ ಅಂದೆ. ಆಗ ನನಗೆ ಈ ವಿಷಯ ಇಷ್ಟು ತಿಳಿದಿರಲಿಲ್ಲ. ಅದೇ ಸಂಜೆ ಅವನು ಹೆದೆ ಬಿಟ್ಟಾಗ ಬಾಣ ಗುರಿಯ ಕಡೆ ಹೋಗಲೇ ಇಲ್ಲ. ಬಿಲ್ಲಿನಲ್ಲಿಯೇ ಸೀಳಿ, ಹಿಂದಿನ ಅರ್ಧ ಅವನ ಎಡಗೈಯ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತು. ದಾವಣಗೆರೆಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು. ಕೈ ಉಳಿಯಿತು. ಆ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಚೆನ್ನಾಗಿವೆ ಎಂದ ನನ್ನ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಈ ಭಾಷಣಕ್ಕೆ ಒಪ್ಪಿಕೊಂಡದ್ದೂ ಅದಕ್ಕಾಗಿಯೇ.

ಬಡಗಿಯ ಕೆಲಸದಲ್ಲಿ ತಪ್ಪಿರಲಿಲ್ಲ. ಬಾಗಿಲು ಕಿಟಕಿಗೆ ಬೇಕಾದ ಕೆಲಸ ಬೇರೆ, ಬಾಣಕ್ಕೆ ಬೇಕಾದ ಕೆಲಸ ಬೇರೆ. ಗರಗಸದಲ್ಲಿ ಕೊಯ್ದ ಹಲಗೆಯಲ್ಲಿ ಮರದ ಎಳೆ ಯಾವ ಕಡೆ ಹರಿಯುತ್ತದೆ ಎಂದು ಗರಗಸ ಕೇಳುವುದಿಲ್ಲ, ಗೆರೆ ಎಳೆದ ಕಡೆ ಕೊಯ್ಯುತ್ತದೆ. ಹಾಗೆ ಕೊಯ್ದು ಉರುಟು ಮಾಡಿದ ಕಡ್ಡಿಯಲ್ಲಿ ಎಳೆ ಓರೆಯಾಗಿ ಬಂದು ಪಕ್ಕದಲ್ಲಿ ಮುಗಿದುಹೋಗಿರುತ್ತದೆ. ಒತ್ತಡ ಬಿದ್ದಾಗ ಕಡ್ಡಿ ಸೀಳುವುದು ಆ ಓರೆಯಲ್ಲಿ. ಸೀಳಿದ ಬಾಣ ಎರಡು ಚೂಪು ಈಟಿಯಾಗುತ್ತದೆ, ಹಿಂದಿನ ಈಟಿಯನ್ನು ಹೆದೆ ಇನ್ನೂ ನೂಕುತ್ತಲೇ ಇರುತ್ತದೆ. ಅದಕ್ಕೆ ಎದುರಾಗಿ ಇರುವುದು ಬಿಲ್ಲು ಹಿಡಿದ ನಮ್ಮದೇ ಕೈ.

ಹೆದೆ ಬಿಟ್ಟಾಗ ಏನಾಗುತ್ತದೆ ನೋಡಿ. ಬಿಲ್ಲನ್ನು ಎಳೆದಾಗ ನಮ್ಮ ತೋಳಿನ ಬಲ ಬಿಲ್ಲಿನ ಎರಡು ತೋಳುಗಳಲ್ಲಿ ಕೂಡಿಕೊಳ್ಳುತ್ತದೆ. ಬಿಟ್ಟಾಗ ಆ ಬಲದ ಹೆಚ್ಚಿನ ಪಾಲು ಬಾಣಕ್ಕೆ ಹೋಗಬೇಕು. ಬಾಣ ಹೊತ್ತುಕೊಂಡು ಹೋಗದೆ ಉಳಿದದ್ದು ಬಿಲ್ಲಿಗೇ ಮರಳುತ್ತದೆ. ಬಾಣವೇ ಇಲ್ಲದೆ ಬರಿ ಹೆದೆ ಎಳೆದು ಬಿಟ್ಟರೆ ಅಷ್ಟೂ ಬಲ ಬಿಲ್ಲಿಗೆ ಬಡಿಯುತ್ತದೆ. ಬಿದಿರಿನ ಬಿಲ್ಲು ಬಿರಿಯಬಹುದು, ಫೈಬರ್ ಹಾಳೆ ಎದ್ದು ಬರಬಹುದು, ಕಾಂಪೌಂಡ್ ಬಿಲ್ಲಿನಲ್ಲಿ ಹೆದೆ ಗಾಲಿಯಿಂದ ಜಾರಿ ಮುಖಕ್ಕೆ ಬಡಿಯಬಹುದು. ಖಾಲಿ ಹೆದೆ ಬಿಡಬೇಡಿ ಎಂದು ಎಲ್ಲ ಗುರುಗಳೂ ಮೊದಲ ದಿನವೇ ಹೇಳುವುದು ಇದಕ್ಕೆ. ತೀರ ಹಗುರವಾದ ಬಾಣ ಹೂಡಿದರೂ ಮುಕ್ಕಾಲು ಪಾಲು ಖಾಲಿ ಹೆದೆ ಬಿಟ್ಟ ಹಾಗೆಯೇ.

ಇನ್ನೊಂದು ಸಂಗತಿ ಕಣ್ಣಿಗೆ ಕಾಣುವುದಿಲ್ಲ. ಬಾಣ ಬಿಲ್ಲು ಬಿಡುವಾಗ ನೇರವಾಗಿ ಹೋಗುವುದಿಲ್ಲ. ಹಿಂದಿನಿಂದ ಹೆದೆ ನೂಕುತ್ತದೆ, ಮುಂದಿನ ಮೊನೆಯ ಭಾರ ತಡೆಯುತ್ತದೆ. ನಡುವೆ ಕಡ್ಡಿ ಬಾಗುತ್ತದೆ, ಬಾಗಿ ಬಿಲ್ಲಿನ ಹಿಡಿಯನ್ನು ಬಳಸಿಕೊಂಡು, ನೀರಿನಲ್ಲಿ ಮೀನು ಬಳುಕಿದ ಹಾಗೆ ಅತ್ತ ಇತ್ತ ಬಳುಕುತ್ತ ಮುಂದೆ ಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿ ಅತಿವೇಗದ ಕ್ಯಾಮರಾದಲ್ಲಿ ಇದನ್ನು ಹಿಡಿದು ತೋರಿಸಿದರು. ಹಾಗಾಗಿ ಬಾಣ ಬಾಗಲೇಬೇಕು. ಎಷ್ಟು ಬಾಗಬೇಕೋ ಅಷ್ಟೇ ಬಾಗಬೇಕು. ಬಿಲ್ಲಿನ ಬಿರುಸಿಗೆ ಕಡ್ಡಿ ಮೆದುವಾದರೆ ತಾಳಲಾರದಷ್ಟು ಬಾಗುತ್ತದೆ, ಮರವಾದರೆ ಸೀಳುತ್ತದೆ, ಕಾರ್ಬನ್ ಆದರೆ ಸಿಡಿಯುತ್ತದೆ. ಕಡ್ಡಿ ಬಿರುಸಾದರೆ ಹಿಡಿಯನ್ನು ಬಳಸಿ ಹೋಗಲಾರದೆ ಪಕ್ಕಕ್ಕೆ ಸಿಡಿಯುತ್ತದೆ. ಬಲಗೈಯವನ ಬಿರುಸು ಬಾಣ ಗುರಿಯಿಂದ ಎಡಕ್ಕೆ ಬೀಳುತ್ತದೆ, ಮೆದು ಬಾಣ ಬಲಕ್ಕೆ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ಬಿರುಸಿನ ಕಡೆಗೆ ವಾಲಿ. ಗುರಿ ತಪ್ಪಬಹುದು, ಕೈ ಉಳಿಯುತ್ತದೆ.

ನಮ್ಮೂರಿನ ಮಾತಿನಲ್ಲಿ ಹೇಳುತ್ತೇನೆ. ನಮ್ಮ ಹಳಿ ಮೊದಲು ಮೀಟರ್‌ಗೇಜ್ ಇತ್ತು, 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಒಂದರ ಅಗಲ 1000 ಮಿಲಿಮೀಟರ್, ಇನ್ನೊಂದರದು 1676. ಮೀಟರ್‌ಗೇಜಿನ ಬೋಗಿ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಬ್ರಾಡ್‌ಗೇಜ್ ಹಳಿಯ ಮೇಲೆ ಅದು ನಿಲ್ಲುವುದಿಲ್ಲ. ಬೋಗಿಯೂ ಒಳ್ಳೆಯದೇ, ಹಳಿಯೂ ಒಳ್ಳೆಯದೇ. ಆ ಹುಡುಗನ ಬಿಲ್ಲು ಬಾಣಗಳ ಕಥೆಯೂ ಇಷ್ಟೇ.

ಬಿದಿರಿನ ಬಿಲ್ಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡುತ್ತೇನೆ. ಅದು ನಮ್ಮದು. ಚಿತ್ರದುರ್ಗ ಜಿಲ್ಲೆಯ ಊರೂರಿನ ವೀರಗಲ್ಲುಗಳನ್ನು ನೋಡಿ, ಬಿಲ್ಲು ಎಳೆದು ನಿಂತ ವೀರರು ಕಾಣುತ್ತಾರೆ. ದುರ್ಗವನ್ನಾಳಿದ ನಾಯಕರು ಬೇಡ ಕುಲದವರು, ಬೇಡ ಎಂದರೆ ಬೇಟೆಗಾರ ಎಂದೇ ಅರ್ಥ. ಮೊಳಕಾಲ್ಮುರು, ಚಳ್ಳಕೆರೆ ಸೀಮೆಯ ಮ್ಯಾಸನಾಯಕರ ಹಿರಿಯರೂ ಬೇಟೆಯನ್ನೂ ದನಗಾಹಿಯನ್ನೂ ನಂಬಿ ಬದುಕಿದವರು. 1520ರ ಹೊತ್ತಿಗೆ ವಿಜಯನಗರ ನೋಡಲು ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಬಿಲ್ಲುಗಾರರ ಬಿಲ್ಲುಗಳಿಗೆ ಚಿನ್ನ ಬೆಳ್ಳಿಯ ತಗಡು ಹೊದಿಸಿದ್ದನ್ನು ಕಂಡು ಬರೆದಿದ್ದಾನೆ. ಅವರ ಬಾಣಗಳಿಗೆ ಗರಿ ಕಟ್ಟಿದ ಅಚ್ಚುಕಟ್ಟನ್ನೂ ಮೆಚ್ಚಿ ಬರೆದಿದ್ದಾನೆ. ನನಗೆ ಎರಡನೆಯ ಮಾತೇ ಹೆಚ್ಚು. ಗರಿ ಅಚ್ಚುಕಟ್ಟಾಗಿ ಕಟ್ಟುವವನಿಗೆ ಬಾಣದ ವಿದ್ಯೆ ಪೂರ್ತಿ ಗೊತ್ತಿರುತ್ತದೆ.

ಬಿಲ್ಲಿಗೆ ಗಟ್ಟಿಬಿದಿರು ಬೇಕು, ಒಳಗೆ ಟೊಳ್ಳು ಕಡಿಮೆ ಇರುವಂಥದು. ಮರದಲ್ಲಾದರೆ ತಡಸಲು. ಬಗ್ಗಿಸಿದರೆ ಬಗ್ಗಿ, ಬಿಟ್ಟರೆ ಮತ್ತೆ ನೆಟ್ಟಗಾಗುವ ಮರ ಅದು. ಗಾಡಿಗೆ, ಗುದ್ದಲಿ ಕಾವಿಗೆ ನಮ್ಮ ಹಿರಿಯರು ಅದನ್ನೇ ಹುಡುಕುತ್ತಿದ್ದರು. ಬಿಲ್ಲಿಗೂ ಅದೇ ಗುಣ ಬೇಕು. ಬಾಣಕ್ಕೆ ಸಣ್ಣ ಬಿದಿರಿನ ಇಡೀ ಕೋಲೇ ಒಳ್ಳೆಯದು. ಅದರ ಎಳೆ ಬುಡದಿಂದ ತುದಿಯವರೆಗೂ ತುಂಡಾಗದೆ ಹರಿದಿರುತ್ತದೆ, ಗರಗಸದ ಕೊಯ್ತದ ಕಾಟ ಇಲ್ಲ. ಹೊರಗಿನ ಸಿಪ್ಪೆಯೇ ಅದರ ಬಲ. ಆ ಸಿಪ್ಪೆಯನ್ನು ನಯ ಮಾಡುವ ಆಸೆಯಿಂದ ಹೆರೆದು ತೆಗೆಯಬೇಡಿ, ಗಿಣ್ಣಿನ ಉಬ್ಬನ್ನಷ್ಟೇ ಉಜ್ಜಿ. ಹೆದೆ ಕೂರುವ ಕಚ್ಚು ಗಿಣ್ಣಿಗೆ ಹತ್ತಿರ ಬರುವಂತೆ ಕತ್ತರಿಸಿದರೆ ಗಿಣ್ಣು ಸೀಳನ್ನು ತಡೆಯುತ್ತದೆ. ಕಚ್ಚಿನ ಕೆಳಗೆ ಗಟ್ಟಿ ನೂಲನ್ನು ಒತ್ತಾಗಿ ಸುತ್ತಿ ಅಂಟು ಹಚ್ಚಬೇಕು. ಇದು ಅಲಂಕಾರಕ್ಕೆ ಅಲ್ಲ. ಹೆದೆಯ ಪೆಟ್ಟು ಬೀಳುವುದು ಕಚ್ಚಿನ ಮೇಲೆ, ಅಲ್ಲಿ ಸೀಳು ಹುಟ್ಟಿದರೆ ಬಾಣದುದ್ದಕ್ಕೂ ಓಡುತ್ತದೆ.

ಬಿದಿರು ಆರಿಸಲು ಬರದಿದ್ದರೆ ಮೇದಾರರನ್ನು ಕೇಳಿ. ಕಲ್ಯಾಣದ ಶರಣ ಮೇದಾರ ಕೇತಯ್ಯನವರ ಕುಲಕಸುಬಿನ ಜನ, ಅವರ ಗುರುಪೀಠವೂ ನಮ್ಮ ಚಿತ್ರದುರ್ಗದಲ್ಲೇ ಇದೆ. ಬಿದಿರನ್ನು ಬೆರಳಿನಿಂದ ತಟ್ಟಿ ಅದರ ವಯಸ್ಸು ಹೇಳುವ ಮುದುಕರನ್ನು ನಾನು ಕಂಡಿದ್ದೇನೆ. ಎಳೆಯ ಬಿದಿರು ಬೇಡ, ಮೂರು ವರ್ಷ ದಾಟಿ ಬಲಿತದ್ದು ಬೇಕು. ಮಳೆಗಾಲದಲ್ಲಿ ಕಡಿದದ್ದಕ್ಕೆ ಬೇಗ ಕುಟ್ಟೆ ಹಿಡಿಯುತ್ತದೆ, ಚಳಿಗಾಲದಲ್ಲಿ ಕಡಿದು ನೆರಳಿನಲ್ಲಿ ಒಣಗಿಸಿದ್ದು ಬಾಳುತ್ತದೆ. ಬಾಣದ ಮೇಲೆ ಸೂಜಿಮೊನೆಯಷ್ಟು ತೂತು, ಪಕ್ಕದಲ್ಲಿ ಹಿಟ್ಟಿನ ಹಾಗೆ ಪುಡಿ ಕಂಡರೆ ಒಳಗೆ ಹುಳ ಇದೆ ಎಂದು ಅರ್ಥ. ಆ ಬಾಣವನ್ನು ಮುರಿದು ಒಲೆಗೆ ಹಾಕಿ, ಇನ್ನೊಬ್ಬ ಹುಡುಗ ಎತ್ತಿಕೊಳ್ಳುವ ಹಾಗೆ ಮೂಲೆಯಲ್ಲಿ ಎಸೆಯಬೇಡಿ.

ಗರಿಯ ಮಾತು ಬಂತು. ಬಿದಿರಿನ ಬಿಲ್ಲಿನಲ್ಲಿ ಬಾಣ ಇಡಲು ಬೇರೆ ಆಸರೆ ಇಲ್ಲದಿದ್ದರೆ ಬಾಣ ನಮ್ಮ ಮುಷ್ಟಿಯ ಮೇಲೆ ಕೂರುತ್ತದೆ. ಹಕ್ಕಿಯ ಗರಿಯಾದರೆ ತಾಗಿದಾಗ ಮಡಚಿಕೊಂಡು ಜಾರಿಹೋಗುತ್ತದೆ. ಅದೇ ಬಿಲ್ಲಿಗೆ ಪ್ಲಾಸ್ಟಿಕ್ ರೆಕ್ಕೆಯ ಕಾರ್ಬನ್ ಬಾಣ ಹೂಡಿದರೆ, ರೆಕ್ಕೆ ಮಡಚುವುದಿಲ್ಲ, ಬ್ಲೇಡಿನಂತೆ ಕೈಯ ಚರ್ಮವನ್ನು ಕೊಯ್ಯುತ್ತದೆ, ಬಿಲ್ಲಿಗೆ ಬಡಿದು ಬಾಣವನ್ನೂ ತಿರುಗಿಸುತ್ತದೆ. ಹಕ್ಕಿ ಗರಿಯಲ್ಲೂ ಒಂದು ಎಚ್ಚರ ಬೇಕು. ಗರಿಯ ಮುಂದಿನ ತುದಿಯ ದಂಟು ಚೂಪಾಗಿ ಎದ್ದಿದ್ದರೆ ಕೈಗೆ ಸೂಜಿಯ ಹಾಗೆ ಚುಚ್ಚುತ್ತದೆ. ಆ ತುದಿಯನ್ನು ತೆಳುವಾಗಿ ಹೆರೆದು ನೂಲಿನಿಂದ ಸುತ್ತಿ ಮುಚ್ಚಬೇಕು. ಪಾಯೆಸ್ ಕಂಡ ಅಚ್ಚುಕಟ್ಟು ಇದೇ ಇರಬೇಕು ಎಂದು ನನ್ನ ನಂಬಿಕೆ. ಅಂಗಡಿಯಲ್ಲಿ ಕೊಂಡ ಸಾಕುಹಕ್ಕಿಯ ಗರಿ ಸಾಕು, ನವಿಲಿನ ಬೆನ್ನು ಹತ್ತಬೇಡಿ.

ಮರದ ಕಡ್ಡಿಯ ಬಾಣವನ್ನೇ ಬಳಸುವುದಾದರೆ ಎಳೆಯ ಉದ್ದಕ್ಕೆ ಕೊಡಲಿಯಿಂದ ಸೀಳಿದ ಸೀಳಿನಿಂದ ಹೆರೆದು ಮಾಡಿಸಿ, ಹಲಗೆ ಕೊಯ್ದದ್ದರಿಂದ ಬೇಡ. ಕಡ್ಡಿಯ ತುದಿ ನೋಡಿದರೆ ಮರದ ವಯಸ್ಸಿನ ಗೆರೆಗಳು ಕಾಣುತ್ತವೆ. ಕಚ್ಚನ್ನು ಆ ಗೆರೆಗಳಿಗೆ ಅಡ್ಡವಾಗಿ ಕತ್ತರಿಸಬೇಕು. ಗೆರೆಯ ಉದ್ದಕ್ಕೆ ಕತ್ತರಿಸಿದರೆ ಹೆದೆಯೇ ಬೆಣೆಯಾಗಿ ಕಡ್ಡಿಯನ್ನು ಸೀಳುತ್ತದೆ. ಸೌದೆ ಒಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಕಡ್ಡಿ ಮೆದುವೋ ಬಿರುಸೋ ಎಂದು ತಿಳಿಯುವುದು ಹೇಗೆ? ಹಳಬರು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ ಹೇಳುತ್ತಿದ್ದರು. ಆ ಕೈ ನಮಗಿಲ್ಲ, ಆದರೆ ಅಳತೆ ಇದೆ. ಕಾರ್ಬನ್ ಬಾಣಗಳ ಮೇಲೆ 500, 700, 1000 ಎಂಬ ಅಂಕಿ ಅಚ್ಚಾಗಿರುತ್ತದೆ. ಅದಕ್ಕೆ ಸ್ಪೈನ್ ಎನ್ನುತ್ತಾರೆ. 28 ಇಂಚು ದೂರದ ಎರಡು ಆಸರೆಗಳ ಮೇಲೆ ಕಡ್ಡಿ ಮಲಗಿಸಿ, ನಡುಮಧ್ಯಕ್ಕೆ 880 ಗ್ರಾಂ ತೂಗುಹಾಕಿದರೆ ಕಡ್ಡಿ ಎಷ್ಟು ಜಗ್ಗುತ್ತದೆ ಎಂಬುದೇ ಆ ಅಂಕಿ. ಅರ್ಧ ಇಂಚು ಜಗ್ಗಿದರೆ 500, ಒಂದು ಇಂಚು ಜಗ್ಗಿದರೆ 1000. ಅಂಕಿ ದೊಡ್ಡದಾದಷ್ಟೂ ಬಾಣ ಮೆದು ಎಂಬುದನ್ನು ಮರೆಯಬೇಡಿ, ಅನೇಕರು ತಲೆಕೆಳಗಾಗಿ ತಿಳಿಯುತ್ತಾರೆ.

ಇದನ್ನು ಮನೆಯಲ್ಲೇ ಮಾಡಬಹುದು. ನಾನು ಶಾಲೆಯಲ್ಲಿ ಎರಡು ಬೆಂಚಿನ ನಡುವೆ 71 ಸೆಂಟಿಮೀಟರ್ ಬಿಟ್ಟು ಮಕ್ಕಳಿಂದಲೇ ಮಾಡಿಸುತ್ತಿದ್ದೆ. ಒಂದು ಡಬ್ಬಿಗೆ ಮರಳು ತುಂಬಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 880 ಗ್ರಾಂಗೆ ಸರಿಮಾಡಿ, ದಾರ ಕಟ್ಟಿ ತೂಗುಹಾಕುವುದು. ಹಿಂದೆ ನಿಲ್ಲಿಸಿದ ಸ್ಕೇಲಿನಲ್ಲಿ ಕಡ್ಡಿ ಎಷ್ಟು ಮಿಲಿಮೀಟರ್ ಇಳಿಯಿತೆಂದು ಓದುವುದು. 12.7 ಮಿಲಿಮೀಟರ್ ಇಳಿದರೆ 500, 17.8 ಆದರೆ 700, 25.4 ಆದರೆ 1000. ಒಂದೇ ಮೆಳೆಯ ಬಿದಿರಿನಲ್ಲಿ ಮಾಡಿದ ಹನ್ನೆರಡು ಬಾಣಗಳನ್ನು ಹೀಗೆ ಅಳೆದರೆ ನಾಲ್ಕೋ ಐದೋ ಮಾತ್ರ ಒಂದಕ್ಕೊಂದು ಹತ್ತಿರ ಬರುತ್ತಿದ್ದವು. ಮಕ್ಕಳಿಗೆ ಆಶ್ಚರ್ಯ. ಕಣ್ಣಿಗೆ ಒಂದೇ ಥರ ಕಂಡದ್ದು ತೂಕಕ್ಕೆ ಒಂದೇ ಥರ ಬಗ್ಗುತ್ತಿರಲಿಲ್ಲ.

ಅಂಕಿ ಸಿಕ್ಕ ಮೇಲೆ ಬಿಲ್ಲಿನ ಬಿರುಸು ತಿಳಿಯಬೇಕು. ಅದನ್ನು ಪೌಂಡಿನಲ್ಲಿ ಹೇಳುತ್ತಾರೆ, ಸಾಮಾನ್ಯವಾಗಿ 28 ಇಂಚು ಎಳೆದಾಗ ಬೇಕಾಗುವ ಬಲ. ಬಿಲ್ಲಿನ ಮೇಲೆ 30 ಎಂದು ಬರೆದಿದ್ದರೂ 24 ಇಂಚಷ್ಟೇ ಎಳೆಯುವ ಹುಡುಗನ ಕೈಯಲ್ಲಿ ಅದು 22ರ ಆಸುಪಾಸಿನ ಬಿಲ್ಲು. ಅವನ ಅಣ್ಣ 30 ಇಂಚು ಎಳೆದರೆ 34 ದಾಟೀತು. ಇಂಚಿಗೆ ಸುಮಾರು ಎರಡು ಪೌಂಡು ಏರುತ್ತದೆ. ಹಾಗಾಗಿ ತಮ್ಮನಿಗೆ ಹೊಂದಿದ ಬಾಣ ಅದೇ ಬಿಲ್ಲಿನಲ್ಲಿ ಅಣ್ಣನಿಗೆ ಹೊಂದದೆ ಹೋಗಬಹುದು. ಬಿದಿರಿನ ಬಿಲ್ಲಿನ ಮೇಲೆ ಯಾರೂ ಅಂಕಿ ಬರೆದಿರುವುದಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ತೂಗುವ ಕೊಕ್ಕೆ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ, ನೀವು ಎಳೆಯುವಷ್ಟೇ ದೂರ ಎಳೆದು ಕಿಲೋ ನೋಡಿ, 2.2ರಿಂದ ಗುಣಿಸಿದರೆ ಪೌಂಡು ಬರುತ್ತದೆ. ಎಳೆದದ್ದನ್ನು ನಿಧಾನವಾಗಿ ಇಳಿಸಬೇಕು, ಬಿಟ್ಟುಬಿಡಬಾರದು. ಪೌಂಡು, ಬಾಣದ ಉದ್ದ, ಮೊನೆಯ ತೂಕ, ಈ ಮೂರು ತಿಳಿದರೆ ಬಾಣ ಮಾಡುವ ಕಂಪನಿಗಳ ಪಟ್ಟಿಯಲ್ಲಿ ಬೇಕಾದ ಸ್ಪೈನ್ ಸಿಗುತ್ತದೆ. ಬಾಣ ಉದ್ದವಾದಷ್ಟೂ, ಮೊನೆ ಭಾರವಾದಷ್ಟೂ ಅದೇ ಕಡ್ಡಿ ಮೆದುವಾಗಿ ನಡೆದುಕೊಳ್ಳುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ತೂಕದ ಮಾತು ಬೇರೆ. ಬಾಣದ ತೂಕವನ್ನು ಗ್ರೇನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧಕ್ಕಿಂತ ಅದು ತುಸು ಹೆಚ್ಚು. ಹೊಸ ಕಾಲದ ಬಿಲ್ಲಿಗೂ ಪೌಂಡಿಗೆ 5 ಗ್ರೇನಿಗಿಂತ ಕಡಿಮೆ ತೂಕದ ಬಾಣ ಸಲ್ಲದು ಎಂಬುದು ತಯಾರಕರ ಕಟ್ಟುನಿಟ್ಟು. 50 ಪೌಂಡಿನ ಬಿಲ್ಲಿಗೆ 250 ಗ್ರೇನ್, ಅಂದರೆ 16 ಗ್ರಾಂಗೆ ಸ್ವಲ್ಪ ಮೇಲೆ. ಮರದ ಮತ್ತು ಬಿದಿರಿನ ಬಿಲ್ಲಿಗೆ ಇದು ಸಾಲದು, ಪೌಂಡಿಗೆ 8ರಿಂದ 10 ಗ್ರೇನ್ ಇರಲಿ. 30 ಪೌಂಡಿನ ಬಿದಿರಿನ ಬಿಲ್ಲಿಗೆ 270 ಗ್ರೇನಿನ ಬಾಣ, ಸುಮಾರು ಹದಿನೇಳೂವರೆ ಗ್ರಾಂ. ಊರಿನ ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದು ನಿಮಿಷದ ಕೆಲಸ. ಕಾರ್ಬನ್ ಬಾಣ ದುಬಾರಿಯಾದ್ದರಿಂದ ಬಿದಿರಿನ ಬಿಲ್ಲಿಗೂ ಒಳ್ಳೆಯದೇ ಆಗಿರಬೇಕು ಎಂದು ತಿಳಿಯುವವರಿದ್ದಾರೆ. ಹಗುರ ಕಾರ್ಬನ್ ಬಾಣ ಬಿದಿರಿನ ಬಿಲ್ಲನ್ನು ಕೆಲವೇ ದಿನದಲ್ಲಿ ಬಿರಿಸಿಬಿಡಬಹುದು. ತೂಕವೂ ಸ್ಪೈನೂ ಹೊಂದಿ, ಗರಿ ಹಕ್ಕಿಯದಾದರೆ ಕಾರ್ಬನ್ನಿಗೂ ಅಡ್ಡಿಯಿಲ್ಲ.

ಉದ್ದದ ವಿಷಯದಲ್ಲಿ ಕಲಿಯುವವರಿಗೆ ಒಂದೇ ಮಾತು. ಪೂರ್ತಿ ಎಳೆದಾಗ ಬಾಣದ ಮೊನೆ ಬಿಲ್ಲಿನಿಂದ ಕನಿಷ್ಠ ಎರಡು ಇಂಚು ಮುಂದೆ ಚಾಚಿರಬೇಕು. ಗಿಡ್ಡ ಬಾಣ ಎಳೆದಾಗ ಆಸರೆಯಿಂದ ಜಾರಿ ಹಿಡಿಯ ಒಳಗೆ ಬೀಳುತ್ತದೆ. ಆ ಗಳಿಗೆಯಲ್ಲಿ ಬೆರಳು ಸಡಿಲವಾದರೆ ಬಾಣ ಹೋಗುವುದು ಕೈಯೊಳಕ್ಕೆ. ಬೆಳೆಯುವ ಮಕ್ಕಳ ತೋಳು ಒಂದೇ ವರ್ಷದಲ್ಲಿ ಉದ್ದವಾಗುತ್ತದೆ. ಹೋದ ವರ್ಷದ ಬಾಣವನ್ನು ಈ ವರ್ಷ ಅಳೆಯದೆ ಕೊಡಬೇಡಿ. ಕಚ್ಚಿನ ಬಿಗಿಯನ್ನೂ ನೋಡಿ. ಬಾಣವನ್ನು ಹೆದೆಗೆ ಸಿಕ್ಕಿಸಿ ಕೆಳಮುಖ ತೂಗಬಿಟ್ಟರೆ ತಾನಾಗಿ ಬೀಳಬಾರದು, ಹೆದೆಯನ್ನು ಬೆರಳಿನಿಂದ ತಟ್ಟಿದರೆ ಬೀಳಬೇಕು.

ಹೊಸ ಬಿಲ್ಲುಗಳಿಗೆ ಬರೋಣ. ತುದಿ ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲು ಒಲಿಂಪಿಕ್ಸಿನಲ್ಲಿ ಕಾಣುವಂಥದು. ಕಾಂಪೌಂಡ್ ಬಿಲ್ಲನ್ನು ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಕಂಡುಹಿಡಿದು, 1969ರಲ್ಲಿ ಪೇಟೆಂಟ್ ಪಡೆದ. ಬಿದಿರಿನ ಬಿಲ್ಲಿನಲ್ಲಿ ಬಲ ಎಳೆದಷ್ಟೂ ಮೆಲ್ಲಗೆ ಏರುತ್ತದೆ. ಕಾಂಪೌಂಡ್ ಬಿಲ್ಲಿನಲ್ಲಿ ಸ್ವಲ್ಪ ಎಳೆಯುವಷ್ಟರಲ್ಲಿ ಪೂರ್ತಿ ಬಲಕ್ಕೆ ಏರಿ ಬಹುದೂರ ಹಾಗೆಯೇ ಇದ್ದು, ಕೊನೆಯಲ್ಲಿ ಗಾಲಿ ತಿರುಗಿ ಕೈಗೆ ಹಗುರವಾಗುತ್ತದೆ. ಎಳೆದು ಹಿಡಿದವನಿಗೆ ಹಗುರ, ಬಾಣಕ್ಕೆ ಮಾತ್ರ ಭಾರಿ ಹೊಡೆತ. ಅದೇ ಪೌಂಡಿನ ಬಿದಿರಿನ ಬಿಲ್ಲಿಗಿಂತ ಎಷ್ಟೋ ಹೆಚ್ಚು ಬಲವನ್ನು ಅದು ಬಾಣಕ್ಕೆ ತುಂಬುತ್ತದೆ. ಆದ್ದರಿಂದ ಕಾಂಪೌಂಡ್ ಬಿಲ್ಲಿಗೆ ಮರದ ಬಾಣ, ಬಿದಿರಿನ ಬಾಣ ಯಾವತ್ತೂ ಬೇಡ. ಈ ಭಾಷಣದಲ್ಲಿ ಒಂದೇ ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅದಕ್ಕೆ ಸರಿಯಾದ ಸ್ಪೈನಿನ ಅಲ್ಯೂಮಿನಿಯಂ ಅಥವಾ ಕಾರ್ಬನ್ ಮಾತ್ರ.

ರಾಜಸ್ಥಾನದ ಉದಯಪುರ ಜಿಲ್ಲೆಯ ಲಿಂಬಾ ರಾಮ್ ಅವರ ಹೆಸರು ಹಿರಿಯ ಕೇಳುಗರಿಗೆ ನೆನಪಿರಬಹುದು. ಬುಡಕಟ್ಟಿನ ಹುಡುಗ, ಬಿದಿರಿನ ಬಿಲ್ಲಿನಲ್ಲಿ ಬೆಳೆದವರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅವರನ್ನು ಆರಿಸಿತು, ಮರುವರ್ಷ ಸೋಲ್ ಒಲಿಂಪಿಕ್ಸಿನಲ್ಲಿದ್ದರು, 1992ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 30 ಮೀಟರಿನಲ್ಲಿ 360ಕ್ಕೆ 358 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಬಿದಿರಿನ ಬಿಲ್ಲಿನಲ್ಲಿ ಕಲಿತ ಕಣ್ಣು ಅವರ ಜೊತೆ ಹೋಯಿತು, ಬಿದಿರಿನ ಬಾಣ ಊರಿನಲ್ಲೇ ಉಳಿಯಿತು. ಬಿಲ್ಲು ಬದಲಾದಾಗ ಬಾಣವೂ ಬದಲಾಗಬೇಕು. ಬಿದಿರಿನವರಿಗೆ ನಮ್ಮ ದೇಶದಲ್ಲಿ ಬೇರೆಯದೇ ಸ್ಪರ್ಧೆ ಇದೆ. ಇಂಡಿಯನ್ ರೌಂಡ್ ಎಂದು ಅದರ ಹೆಸರು, ಮರ ಬಿದಿರುಗಳ ಬಿಲ್ಲು ಬಾಣದಲ್ಲೇ 30 ಮತ್ತು 50 ಮೀಟರಿಗೆ ಹೊಡೆಯಬೇಕು. ನಮ್ಮ ಹಳ್ಳಿಯ ಮಕ್ಕಳಿಗೆ ಕಡಿಮೆ ಖರ್ಚಿನ ಬಾಗಿಲು ಇದೇ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಇದನ್ನು ಇನ್ನೂ ಹೆಚ್ಚು ಕಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾರ್ಬನ್ ಬಾಣದ ಒಂದು ಕೆಟ್ಟ ಗುಣ ಹೇಳಬೇಕು. ಅಲ್ಯೂಮಿನಿಯಂ ಏಟು ತಿಂದರೆ ಬಗ್ಗುತ್ತದೆ, ತಗ್ಗು ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಕಲಿಯುವವರಿಗೆ ಅದಕ್ಕೇ ಅದು ಒಳ್ಳೆಯದು. ಕಾರ್ಬನ್ ಏಟು ತಿಂದರೂ ನೆಟ್ಟಗೇ ಇರುತ್ತದೆ, ಒಳಗೆ ಬಿರುಕು ಬಿಟ್ಟಿರುತ್ತದೆ. ಮುಂದಿನ ಸಲ ಹೆದೆ ಬಿಟ್ಟಾಗ ನೂರಾರು ಸಿಬಿರಾಗಿ ಒಡೆಯುತ್ತದೆ. ಆ ಸಿಬಿರು ಕೈಗೆ ಹೊಕ್ಕರೆ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ಹುಡುಕಿ ತೆಗೆಯುವುದು ಡಾಕ್ಟರಿಗೂ ಕಷ್ಟ. ಬಾಣ ಕಲ್ಲಿಗೆ ಬಡಿದಾಗ, ಇನ್ನೊಂದು ಬಾಣಕ್ಕೆ ತಾಗಿದಾಗ, ಮತ್ತೆ ಹೂಡುವುದಕ್ಕೆ ಮುಂಚೆ ಎರಡು ತುದಿ ಹಿಡಿದು ಮುಖದಿಂದ ದೂರಕ್ಕೆ ಮೆಲ್ಲಗೆ ಬಗ್ಗಿಸಿ, ಸ್ವಲ್ಪ ತಿರುಗಿಸಿ ಮತ್ತೆ ಬಗ್ಗಿಸಿ. ಚಟ್ ಎಂದರೆ, ಕರಕರ ಎಂದರೆ ಅದರ ಆಯಸ್ಸು ಮುಗಿಯಿತು. ಒಂದು ಉಂಡೆ ಹತ್ತಿಯಿಂದ ಬುಡದಿಂದ ತುದಿಯವರೆಗೆ ಒರೆಸಿ ನೋಡುವುದೂ ಒಳ್ಳೆಯ ಪರೀಕ್ಷೆ. ಬಿರುಕಿದ್ದ ಕಡೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಫೈಬರ್ ಬಾಣ ಮಕ್ಕಳ ಹಗುರ ಬಿಲ್ಲಿಗಷ್ಟೇ, ಅದರ ಸಿಬಿರೂ ಕಾರ್ಬನ್ನಿನಂತೆಯೇ ಚುಚ್ಚುತ್ತದೆ.

ಹೆದೆಯ ಬಗ್ಗೆ ಇಷ್ಟು ಸಾಕು: ಹಿಗ್ಗದ ಹೊಸ ಬಗೆಯ ದಾರವನ್ನು ಹಳೆಯ ಮರದ ಬಿಲ್ಲಿಗೆ ಕಟ್ಟಬೇಡಿ, ಬಿಲ್ಲಿನ ತುದಿಯ ಕಚ್ಚು ಸೀಳುತ್ತದೆ. ಇನ್ನು ಬೇಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಬಿಲ್ಲು ಗುರಿಹಲಗೆಗೆ ಮಾತ್ರ, ಹಿಂದೆ ಮಣ್ಣಿನ ದಿಬ್ಬ ಇರುವ ಕಡೆ ಮಾತ್ರ. ಕೆರೆ ಏರಿಯ ಮೇಲೆ, ಅಡಿಕೆ ತೋಟದ ಸಾಲಿನಲ್ಲಿ ಹೊಡೆಯಬಾರದು, ಅಲ್ಲಿ ಯಾರು ಎಲ್ಲಿಂದ ಬರುತ್ತಾರೆ ಎಂದು ಹೇಳಲಾಗದು.

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪ್ರತಿ ಬಾಣದ ಮೇಲೂ ಬಿಲ್ಲುಗಾರನ ಹೆಸರೋ ಹೆಸರಿನ ಅಕ್ಷರವೋ ಇರಬೇಕೆಂಬ ನಿಯಮವಿದೆ. ಅದನ್ನು ನೋಡಿ ನಾನು ಶಾಲೆಯಲ್ಲಿ ಒಂದು ಪದ್ಧತಿ ಮಾಡಿದೆ. ಪ್ರತಿ ಬಿಲ್ಲಿನ ಹಿಡಿಗೂ ಒಂದೊಂದು ಬಣ್ಣದ ದಾರ. ಆ ಬಿಲ್ಲಿಗೆ ಅಳೆದು ತೂಗಿ ಹೊಂದಿಸಿದ ಬಾಣಗಳ ಗರಿಯ ಕೆಳಗೂ ಅದೇ ಬಣ್ಣದ ದಾರ. ಕೆಂಪು ಬಿಲ್ಲಿಗೆ ಹಸಿರು ಬಾಣ ಹೂಡಿದವನನ್ನು ಪಕ್ಕದ ಮಗುವೇ ತಡೆಯುತ್ತಿತ್ತು. ಓದಲು ಬರದ ಚಿಕ್ಕವರಿಗೂ ಅರ್ಥವಾಗುತ್ತಿತ್ತು. ಅದಾದ ಮೇಲೆ ನಾನು ನಿವೃತ್ತನಾಗುವವರೆಗೆ ನಮ್ಮ ಮೈದಾನದಲ್ಲಿ ಒಬ್ಬರ ಕೈಗೂ ಬಾಣ ಚುಚ್ಚಲಿಲ್ಲ.

ತಂದೆತಾಯಿಗಳೆ, ಮೇಷ್ಟ್ರುಗಳೆ, ಬರುವ ಬನ್ನಿ ಹಬ್ಬಕ್ಕೆ ಮೊದಲು ನಿಮ್ಮ ಮನೆಯ, ನಿಮ್ಮ ಶಾಲೆಯ ಬಿಲ್ಲುಗಳನ್ನು ಹೊರಗೆ ತೆಗೆಯಿರಿ. ಪ್ರತಿ ಬಾಣವನ್ನೂ ಬಗ್ಗಿಸಿ ನೋಡಿ, ಅಳೆಯಿರಿ, ತೂಗಿರಿ. ಹೊಂದದೆ ಇರುವುದನ್ನು ಮುರಿದುಹಾಕಿ. ಹೊಂದಿದ್ದಕ್ಕೂ ಅದರ ಬಿಲ್ಲಿಗೂ ಒಂದೇ ಬಣ್ಣದ ದಾರ ಕಟ್ಟಿ, ಆಮೇಲೆ ಮಗುವಿನ ಕೈಗೆ ಕೊಡಿ.